ಬಲಮುರಿ, ಎಡಮುರಿ: ಸುತ್ತುತ್ತ ಸಾಗುವುದರ ಲೆಕ್ಕ

ಆಲಸನತ್ತಂ ಸೇರಿದಂತೆ ಹೊಸೂರಿನ ಸುತ್ತಮುತ್ತಲ ಬಡಾವಣೆಗಳಲ್ಲಿ ವಾಸಿಸುವ ಅನೇಕ ಕುಟುಂಬಗಳ ಅನ್ನ ಇಂಜಿನಿಯರಿಂಗ್ ಕಾರ್ಖಾನೆಗಳಿಂದಲೇ ಬರುವುದರಿಂದ, 'ಹೆಲಿಕಲ್' ಎಂಬ ಮಾತು ಅಲ್ಲಿ ಪುಸ್ತಕಕ್ಕೆ ಸೀಮಿತವಾದುದಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದು, ಅದರ ಬೆನ್ನಿಗೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಮೊದಲಾದ ಕಂಪನಿಗಳೂ ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಲೇತ್ ಅಂಗಡಿಗಳೂ ನೆಲೆಯೂರಿದ ಮೇಲೆ, ಹೆಲಿಕಲ್ ಗೇರ್, ಹೆಲಿಕಲ್ ಸ್ಪ್ರಿಂಗ್, ಉಲ್ಟಾ ಥ್ರೆಡ್ಡು ಎಂಬ ಮಾತುಗಳು ಕನ್ನಡ, ತಮಿಳು, ತೆಲುಗು ಮೂರನ್ನೂ ಬೆರೆಸಿ ಆಡುವ ಅಲ್ಲಿನ ಕೆಲಸಗಾರರ ನಾಲಿಗೆಯಲ್ಲಿ ಹದವಾಗಿ ಕೂತಿವೆ. ಇದೇ ಮಾತಿನ ಬುಡದಿಂದ ಹೊರಟ 'ಹೆಲಿಸಿಟಿ' ಎಂಬ ಪಾರಿಭಾಷಿಕ ಪದವಾದರೋ ಕಣಭೌತವಿಜ್ಞಾನ, ದ್ರವಗಳ ಚಲನಶಾಸ್ತ್ರ, ಹವಾಮಾನ ವಿಜ್ಞಾನ, ಸೂರ್ಯನ ಅಧ್ಯಯನ ಮತ್ತು ಪ್ರೋಟೀನುಗಳ ರಚನೆಯ ಶಾಸ್ತ್ರ ಇವಿಷ್ಟರಲ್ಲೂ ಬಳಕೆಯಲ್ಲಿದ್ದು, ಒಂದೊಂದು ಕಡೆ ಒಂದೊಂದು ಅರ್ಥ ಹೊತ್ತಂತೆ ಮೇಲ್ನೋಟಕ್ಕೆ ತೋರುತ್ತದೆ. ಆದರೆ ಇವೆಲ್ಲದರ ಬುಡದಲ್ಲಿರುವ ಪ್ರಶ್ನೆ ಒಂದೇ: ಮುಂದೆ ಸಾಗುತ್ತಿರುವ ವಸ್ತು ಸಾಗುತ್ತಲೇ ಯಾವ ಕಡೆಗೆ ಸುತ್ತುತ್ತಿದೆ?

ಈ ಪ್ರಶ್ನೆಗೂ 'ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತಿದೆಯೇ' ಎಂಬ ಪ್ರಶ್ನೆಗೂ ಇರುವ ಅಂತರವನ್ನು ಮೊದಲಿಗೇ ಬಿಡಿಸಿಕೊಳ್ಳದಿದ್ದರೆ ಮುಂದಿನ ಯಾವುದೂ ಸ್ಪಷ್ಟವಾಗುವುದಿಲ್ಲ. ಗೋಡೆ ಗಡಿಯಾರದ ಮುಳ್ಳುಗಳನ್ನು ಮುಂದಿನಿಂದ ನೋಡಿದರೆ ಒಂದು ದಿಕ್ಕಿನಲ್ಲೂ, ಗಾಜಿನ ಗಡಿಯಾರವಾಗಿದ್ದು ಹಿಂದಿನಿಂದ ನೋಡಿದರೆ ಅದರ ವಿರುದ್ಧ ದಿಕ್ಕಿನಲ್ಲೂ ತಿರುಗುವಂತೆ ಕಾಣುತ್ತವೆಯಾದ್ದರಿಂದ, ತಿರುಗುವಿಕೆ ಒಂದನ್ನೇ ಹಿಡಿದು ಎಡ-ಬಲ ಹೇಳಲು ಬರುವುದಿಲ್ಲ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದೂ ಅದರೊಳಗೆ ಸೇರಿಕೊಂಡಿರುತ್ತದೆ. ಬೋಲ್ಟಿನ ಸಂಗತಿ ಹಾಗಲ್ಲ. ಸಾಮಾನ್ಯ ಬೋಲ್ಟೊಂದನ್ನು ಕಣ್ಣೆದುರು ನೆಟ್ಟಗೆ ಹಿಡಿದು ನೋಡಿದಾಗ ಅದರ ಥ್ರೆಡ್ಡಿನ ಗೆರೆಗಳು ಎಡಗಡೆಯ ಕೆಳಗಿನಿಂದ ಬಲಗಡೆಯ ಮೇಲಕ್ಕೆ ಏರುತ್ತವೆ, ಬೋಲ್ಟನ್ನು ತಲೆಕೆಳಗು ಮಾಡಿ ಹಿಡಿದರೂ ಅವು ಎಡದಿಂದ ಬಲಕ್ಕೇ ಏರುತ್ತವೆ. ಸುತ್ತುವ ದಿಕ್ಕು, ಸಾಗುವ ದಿಕ್ಕು ಎರಡೂ ಒಟ್ಟಿಗೆ ಬದಲಾಗುವುದರಿಂದ ಅವುಗಳ ಸಂಬಂಧ ಬದಲಾಗದೆ ಉಳಿಯುತ್ತದೆ. ಬಲಗೈಯ ಹೆಬ್ಬೆರಳನ್ನು ಸಾಗುವ ದಿಕ್ಕಿಗೆ ಚಾಚಿದಾಗ ಉಳಿದ ಬೆರಳುಗಳು ಮಡಚುವ ಕಡೆಗೇ ಸುತ್ತುವಿಕೆಯೂ ಇದ್ದರೆ ಅದು ಬಲಮುರಿ, ಎಡಗೈಗೆ ಹೊಂದಿದರೆ ಎಡಮುರಿ ಎಂದು ಈ ಲೇಖನದ ಮಟ್ಟಿಗೆ ಇಟ್ಟುಕೊಳ್ಳಬಹುದು. ಬಲಮುರಿಯನ್ನು ಎಡಮುರಿಯಾಗಿಸಲು ಇರುವ ಉಪಾಯ ಕನ್ನಡಿಯೊಂದೇ. ಬೋಲ್ಟನ್ನು ಎಷ್ಟು ಹೊರಳಿಸಿದರೂ ಆಗದ ಈ ಬದಲಾವಣೆ ಕನ್ನಡಿಯೊಳಗಿನ ಅದರ ಬಿಂಬದಲ್ಲಿ ತಾನಾಗಿ ಆಗಿರುತ್ತದೆ.

ಕಾರ್ಖಾನೆಯ ಕೆಲಸದಲ್ಲಿ ಈ ವ್ಯತ್ಯಾಸವನ್ನು ಕಡೆಗಣಿಸಲು ಬರುವುದಿಲ್ಲ. ಹಲ್ಲುಗಳನ್ನು ಓರೆಯಾಗಿ ಕತ್ತರಿಸಿದ ಹೆಲಿಕಲ್ ಗೇರುಗಳಲ್ಲಿ ಹಲ್ಲು ಒಮ್ಮೆಲೇ ಕಚ್ಚಿಕೊಳ್ಳದೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹಂತಹಂತವಾಗಿ ಕೂಡುವುದರಿಂದ ವಾಹನದ ಗೇರ್ ಬಾಕ್ಸ್ ಸದ್ದಿಲ್ಲದೆ ಓಡುತ್ತದೆ. ಆದರೆ ಸಮಾನಾಂತರ ಶಾಫ್ಟುಗಳ ಮೇಲಿನ ಇಂಥ ಎರಡು ಗೇರುಗಳು ಹೊರಮೈಯಲ್ಲಿ ಕೂಡಬೇಕಾದರೆ ಒಂದು ಬಲಮುರಿಯಾಗಿದ್ದು ಇನ್ನೊಂದು ಎಡಮುರಿಯಾಗಿರಲೇಬೇಕು, ಎರಡೂ ಒಂದೇ ಬಗೆಯವಾದರೆ ಕೂಡುವುದೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಆಮ್ಲಜನಕದ ಸಿಲಿಂಡರಿಗೆ ಬಲ ಥ್ರೆಡ್ಡನ್ನೂ ಹೊತ್ತಿಕೊಳ್ಳುವ ಅಸಿಟಿಲೀನಿಗೆ ಉಲ್ಟಾ ಥ್ರೆಡ್ಡನ್ನೂ ಕೊಟ್ಟಿರುವುದು, ಒಂದರ ನಳಿಕೆ ಇನ್ನೊಂದಕ್ಕೆ ಕೈತಪ್ಪಿಯೂ ಕೂರಬಾರದೆಂಬ ಕಾರಣಕ್ಕೆ. ಸೈಕಲ್ಲಿನ ಎಡ ಪೆಡಲ್ಲು ತುಳಿಯುತ್ತ ತುಳಿಯುತ್ತ ಸಡಿಲವಾಗಿ ಬಿದ್ದುಹೋಗದಂತೆ ಅದಕ್ಕೂ ಉಲ್ಟಾ ಥ್ರೆಡ್ಡೇ ಇರುತ್ತದೆ; ಹೊಸದಾಗಿ ಕೆಲಸ ಕಲಿಯುವ ಹುಡುಗರು ಅದನ್ನು ಬಿಚ್ಚಹೋಗಿ ಇನ್ನಷ್ಟು ಬಿಗಿಮಾಡಿಬಿಡುವುದು ಎಲ್ಲ ಸೈಕಲ್ ಅಂಗಡಿಗಳಲ್ಲೂ ಕಾಣುವ ಸಂಗತಿ.

ದಿನಬಳಕೆಯ ಮಾತಿನಲ್ಲಿ ಸುತ್ತಿಕೊಂಡ ಆಕಾರಕ್ಕೆಲ್ಲ 'ಸುರುಳಿ' ಎಂಬ ಒಂದೇ ಹೆಸರು ನಡೆಯುತ್ತದೆ. ಚಕ್ಕುಲಿಯೂ ಸುರುಳಿ, ಸ್ಪ್ರಿಂಗೂ ಸುರುಳಿ. ಚಪ್ಪಟೆಯಾದ ಚಕ್ಕುಲಿಯನ್ನು ಮಗುಚಿ ಹಾಕಿದರೆ ಅದರ ಸುತ್ತಿನ ದಿಕ್ಕು ಉಲ್ಟಾ ಆಗುವುದರಿಂದ ಅದಕ್ಕೆ ನಿಜವಾದ ಎಡ-ಬಲವಿಲ್ಲ, ಸ್ಪ್ರಿಂಗಿಗೆ ಇದೆ. ಈ ಭೇದವನ್ನು ಹಿಡಿದಿಡಬಲ್ಲ ಮಾತು ಕನ್ನಡದಲ್ಲಿ ಇಲ್ಲವೆಂದಲ್ಲ, ಬಲಮುರಿ-ಎಡಮುರಿ ಎಂಬ ಜೋಡಿ ಹಿಂದಿನಿಂದಲೂ ಇದೆ, ಹೊಸೂರಿನ ಕಡೆ ಅದರ ಪಕ್ಕದಲ್ಲೇ ತಮಿಳಿನ ವಲಂಪುರಿ-ಇಡಂಪುರಿ ಓಡಾಡಿಕೊಂಡಿದೆ. ತೊಡಕೆಲ್ಲ ಇರುವುದು ಅದನ್ನು ಯಾವುದಕ್ಕೆ ಅನ್ವಯಿಸುತ್ತಾರೆ ಎಂಬಲ್ಲಿ. ಶ್ರೀರಂಗಪಟ್ಟಣದ ಬಳಿಯ ಬಲಮುರಿ, ಎಡಮುರಿ ಎಂಬ ಎರಡು ಸ್ಥಳಗಳ ಹೆಸರಿನಲ್ಲಿರುವುದು ಕಾವೇರಿಯ ತಿರುವು, ಬಲಮುರಿ ಗಣಪತಿಯಲ್ಲಿರುವುದು ಸೊಂಡಿಲಿನ ತಿರುವು; ಇವೆರಡರಲ್ಲೂ ಸುತ್ತುತ್ತ ಮುಂದೆ ಸಾಗುವ ಆಕಾರವಿಲ್ಲ. ಒಣ ಕಾಡುಗಳಲ್ಲಿ ಬೆಳೆಯುವ ಒಂದು ಪೊದೆಯ ಕಾಯಿ ಹಗ್ಗದಂತೆ ನುಲಿದುಕೊಂಡಿರುವುದರಿಂದ ಕನ್ನಡಿಗರು ಅದನ್ನು ಎಡಮುರಿ ಎಂದರು, ಸಸ್ಯಶಾಸ್ತ್ರಜ್ಞರು ಅದೇ ನುಲಿವನ್ನು ಕಂಡು ಗ್ರೀಕ್ ಮೂಲದಿಂದ ಹೆಲಿಕ್ಟೆರಿಸ್ ಎಂದು ಹೆಸರಿಟ್ಟರು, ತಮಿಳಿನಲ್ಲಿ ಅದೇ ಗಿಡಕ್ಕೆ ವಲಂಪುರಿ, ಇಡಂಪುರಿ ಎಂಬ ಎರಡು ಹೆಸರುಗಳೂ ಸಿಕ್ಕುತ್ತವೆ. ಜಗಳ ಬೇಡವೆಂದು ಎರಡನ್ನೂ ಇಟ್ಟುಕೊಂಡಂತಿದೆ.

ಎಲ್ಲಕ್ಕಿಂತ ಸೋಜಿಗದ ಉದಾಹರಣೆ ಶಂಖದ್ದು. ಪೂಜೆಯ ಶಂಖವೆಂದು ಬಳಕೆಯಲ್ಲಿರುವ ಟರ್ಬಿನೆಲ್ಲಾ ಪೈರಮ್ ಎಂಬ ಜೀವಿಯ ಚಿಪ್ಪುಗಳಲ್ಲಿ ಬಹುಪಾಲು ಒಂದೇ ಬಗೆಯ ಸುತ್ತಿನವು. ಬಲು ಅಪರೂಪಕ್ಕೆ ವಿರುದ್ಧ ಸುತ್ತಿನದೊಂದು ಸಿಕ್ಕುತ್ತದೆ, ಅದನ್ನೇ ಬಲಮುರಿ ಶಂಖವೆಂದು ಪೂಜಿಸುತ್ತಾರೆ, ದುಬಾರಿ ಬೆಲೆಗೂ ಮಾರುತ್ತಾರೆ. ಜೀವಶಾಸ್ತ್ರಜ್ಞರು ಚಿಪ್ಪಿನ ಚೂಪು ತುದಿಯನ್ನು ಮೇಲೆ ಮಾಡಿ, ಬಾಯಿ ಯಾವ ಕಡೆಗಿದೆ ಎಂದು ನೋಡಿ ಹೆಸರಿಡುತ್ತಾರೆ. ಪೂಜೆಯಲ್ಲಿ ಆ ತುದಿ ಕೆಳಗಾಗಿರುತ್ತದೆ. ಹಿಡಿಯುವ ಬಗೆ ತಿರುಗಿದ ಕೂಡಲೇ ಬಾಯಿಯ ಪಕ್ಕ ಎಡದಿಂದ ಬಲಕ್ಕೆ ಹೋಗುವುದರಿಂದ, ಭಕ್ತರ ಬಲಮುರಿ ಶಂಖ ಜೀವಶಾಸ್ತ್ರದಲ್ಲಿ ಎಡಸುತ್ತಿನದು, ಬೋಲ್ಟಿನ ನಿಯಮದಿಂದ ಅಳೆದರೂ ಅದು ಎಡಮುರಿಯೇ. ಶಂಖವನ್ನು ಹೇಗೆ ಹಿಡಿದರೂ ಅದರ ಸುತ್ತು ಒಂದೇ ಆಗಿದ್ದು, ಬಾಯಿ ಇರುವ ಪಕ್ಕವನ್ನು ಗುರುತಾಗಿ ಹಿಡಿದದ್ದರಿಂದ ಮಾತ್ರ ಈ ಗೊಂದಲ ಹುಟ್ಟಿತು.

ಬಳ್ಳಿಗಳಲ್ಲಿ ಈ ವಿಷಯವನ್ನು ಇನ್ನೂ ಹತ್ತಿರದಿಂದ ನೋಡಬಹುದು. ಕೋಲಿಗೆ ಹಬ್ಬಿದ ಬೀನ್ಸ್ ಬಳ್ಳಿಯ ಮುಂಭಾಗದ ಸುತ್ತುಗಳು ಬೋಲ್ಟಿನ ಥ್ರೆಡ್ಡಿನಂತೆಯೇ ಎಡದಿಂದ ಬಲಕ್ಕೆ ಏರುತ್ತವೆ, ಮತ್ತು ಜಗತ್ತಿನ ಸುತ್ತುಬಳ್ಳಿಗಳಲ್ಲಿ ಹೆಚ್ಚಿನವು ಉತ್ತರಾರ್ಧಗೋಳವೆನ್ನದೆ ದಕ್ಷಿಣಾರ್ಧಗೋಳವೆನ್ನದೆ ಹೀಗೆ ಬಲಮುರಿಯಾಗಿಯೇ ಹಬ್ಬುತ್ತವೆ. ಕಾಡುಗೆಣಸಿನ ಕುಲದ ಡಯೊಸ್ಕೋರಿಯಾದಲ್ಲಿ ಕೆಲವು ಜಾತಿಗಳು ಬಲಮುರಿ, ಕೆಲವು ಎಡಮುರಿಯಾಗಿದ್ದು, ಜಾತಿಯನ್ನು ಗುರುತಿಸಲು ಅದೇ ಒಂದು ಲಕ್ಷಣವಾಗಿದೆ. ಆದರೆ ಹೀರೆ, ಹಾಗಲ, ಕುಂಬಳಗಳ ಕಥೆ ಬೇರೆ. ಈ ಗಿಡಗಳು ಕಾಂಡವನ್ನೇ ಸುತ್ತದೆ, ಕಾಂಡದಿಂದ ಹೊರಡುವ ತಂತಿಯಂಥ ಎಳೆಯ ತುದಿಯನ್ನು ಚಪ್ಪರಕ್ಕೆ ಸಿಕ್ಕಿಸಿಕೊಂಡು, ಆಮೇಲೆ ಆ ಎಳೆಯನ್ನು ಸ್ಪ್ರಿಂಗಿನಂತೆ ಸುತ್ತಿಸಿ ಗಿಡವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತವೆ. ಹೀಗೆ ಸುತ್ತಿಕೊಂಡ ಎಳೆಯೊಂದನ್ನು ಕಿತ್ತು ನೋಡಿದರೆ ಅದರ ಒಂದರ್ಧ ಬಲಮುರಿಯಾಗಿಯೂ ಇನ್ನೊಂದರ್ಧ ಎಡಮುರಿಯಾಗಿಯೂ ಇದ್ದು, ನಡುವೆ ಸುತ್ತು ಹಿಂದಿರುಗುವ ಒಂದು ಸಣ್ಣ ನೇರ ಭಾಗವಿರುತ್ತದೆ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹತ್ತುಬಳ್ಳಿಗಳ ಕುರಿತು ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಇದನ್ನು ವಿವರಿಸಿ, ಇದರ ಅನಿವಾರ್ಯತೆಯನ್ನೂ ತಿಳಿಸಿದ. ಎರಡೂ ತುದಿ ಬಂಧಿಯಾಗಿರುವ ಎಳೆಗೆ ಒಟ್ಟಾರೆ ನುಲಿವನ್ನು ಹೊಸದಾಗಿ ತಂದುಕೊಳ್ಳಲು ದಾರಿಯಿಲ್ಲವಾದ್ದರಿಂದ, ಒಂದು ಕಡೆ ಎಷ್ಟು ಬಲಸುತ್ತು ಹುಟ್ಟುತ್ತದೆಯೋ ಇನ್ನೊಂದು ಕಡೆ ಹೆಚ್ಚುಕಡಿಮೆ ಅಷ್ಟೇ ಎಡಸುತ್ತು ಹುಟ್ಟಿ ಲೆಕ್ಕ ಸೊನ್ನೆಯಾಗುತ್ತದೆ. ಹೆಲಿಸಿಟಿ ಸುಮ್ಮನೆ ಹುಟ್ಟುವುದೂ ಇಲ್ಲ, ಸುಮ್ಮನೆ ಅಳಿಯುವುದೂ ಇಲ್ಲ ಎಂಬ ಈ ಲೆಕ್ಕಾಚಾರ ಸೂರ್ಯನ ಅಧ್ಯಯನದಲ್ಲಿ ಮತ್ತೆ ಎದುರಾಗುತ್ತದೆ.

ಹಗ್ಗ ಹೊಸೆಯುವವರು ಇದೇ ತತ್ವವನ್ನು ಉಲ್ಟಾ ಮಾಡಿ ಬಳಸಿಕೊಂಡಿದ್ದಾರೆ. ನಾರಿನ ಎಳೆಗಳನ್ನು ಒಂದು ಕಡೆಗೆ ಹುರಿ ಮಾಡಿ, ಅಂಥ ಮೂರು ಹುರಿಗಳನ್ನು ಸೇರಿಸಿ ವಿರುದ್ಧ ಕಡೆಗೆ ಹೊಸೆದರೆ, ಒಳಗಿನ ಹುರಿ ಬಿಚ್ಚಿಕೊಳ್ಳಲು ಹೊರಟಷ್ಟೂ ಹೊರಗಿನ ಹೊಸೆತ ಬಿಗಿಯಾಗುವುದರಿಂದ ಹಗ್ಗ ತಾನಾಗಿ ನಿಲ್ಲುತ್ತದೆ. ಎರಡೂ ಒಂದೇ ಕಡೆಗಾದರೆ ಕೈಬಿಟ್ಟ ಮರುಗಳಿಗೆ ಬಿಚ್ಚಿಹೋಗುತ್ತದೆ. ಕ್ರೇಪ್ ರೇಷ್ಮೆಯ ನೇಯ್ಗೆಯಲ್ಲಿ ಬಲಹುರಿ ಮತ್ತು ಎಡಹುರಿಯ ಹೊಕ್ಕುನೂಲುಗಳನ್ನು ಬದಲಾಯಿಸುತ್ತ ಹಾಕುವುದರಿಂದಲೇ ಬಟ್ಟೆಗೆ ಆ ಸಣ್ಣ ಸುಕ್ಕಿನ ಮೈ ಬರುತ್ತದೆ. ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವ ಕೊಲ್ಲಾಜೆನ್ ಎಂಬ ಪ್ರೋಟೀನಿನಲ್ಲೂ ಹಗ್ಗದ ಈ ಉಪಾಯವೇ ಇರುವುದನ್ನು 1954-55ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ತೋರಿಸಿದರು. ಅದರ ಮೂರು ಸರಪಣಿಗಳಲ್ಲಿ ಪ್ರತಿಯೊಂದೂ ಎಡಮುರಿ, ಮೂರೂ ಸೇರಿ ಹೆಣೆದುಕೊಂಡ ದೊಡ್ಡ ಸುತ್ತು ಬಲಮುರಿ. ಪ್ರೋಟೀನಿನ ಸರಪಣಿ ಯಾವ ಯಾವ ಕೋನಗಳಲ್ಲಿ ಮಡಚಬಲ್ಲದು ಎಂಬುದನ್ನು ಒಂದೇ ನಕ್ಷೆಯಲ್ಲಿ ತೋರಿಸುವ ರಾಮಚಂದ್ರನ್ ನಕ್ಷೆ 1963ರಲ್ಲಿ ಬಂತು. 1971ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಪ್ರೋಟೀನ್ ತಜ್ಞರು ಹೆಲಿಸಿಟಿ ಎಂದಾಗ ಸರಪಣಿಯ ಎಷ್ಟು ಪಾಲು ಹೀಗೆ ಸುರುಳಿಯಾಗಿದೆ ಎಂಬ ಪ್ರಮಾಣವನ್ನೇ ಹೇಳುತ್ತಿರುತ್ತಾರೆ, ಎಡವೋ ಬಲವೋ ಎಂಬುದು ಅವರಿಗೆ ಅಷ್ಟರಲ್ಲಿ ಗೊತ್ತಿದ್ದದ್ದೇ ಆಗಿರುತ್ತದೆ.

ಇಷ್ಟರವರೆಗೆ ಬಂದವೆಲ್ಲ ಆಕಾರವಿದ್ದ ವಸ್ತುಗಳು. ಕಣಭೌತವಿಜ್ಞಾನದ ಹೆಲಿಸಿಟಿಯಲ್ಲಿ ಆಕಾರವೇ ಇಲ್ಲ. ಇಲೆಕ್ಟ್ರಾನ್, ಫೋಟಾನ್, ನ್ಯೂಟ್ರಿನೊ ಮೊದಲಾದ ಕಣಗಳಿಗೆ ಸ್ಪಿನ್ ಎಂಬ ಹುಟ್ಟುಗುಣವಿದ್ದು, ಅದು ಬುಗುರಿಯ ಗಿರಕಿಗೆ ಸಮನಾದ ಪರಿಣಾಮ ತೋರಿಸಿದರೂ ಒಳಗೆ ಏನೋ ತಿರುಗುತ್ತಿದೆ ಎಂದು ಭಾವಿಸಬಾರದು. ಕಣ ಹೊರಟ ದಿಕ್ಕಿನ ಗೆರೆಯ ಮೇಲೆ ಆ ಸ್ಪಿನ್ನಿನ ಎಷ್ಟು ಭಾಗ ಬೀಳುತ್ತದೆ ಎಂಬುದೇ ಕಣದ ಹೆಲಿಸಿಟಿ. ಸ್ಪಿನ್ನಿನ ದಿಕ್ಕು ಪಯಣದ ದಿಕ್ಕಿನೊಂದಿಗೆ ಹೊಂದಿದರೆ ಅದು ಧನ, ಅಂದರೆ ಬಲಮುರಿ. ಎದುರಾದರೆ ಋಣ, ಎಡಮುರಿ. ಬೆಳಕಿನ ಕಣವಾದ ಫೋಟಾನಿಗೆ +1, -1 ಎಂಬ ಎರಡೇ ಬೆಲೆ ಸಾಧ್ಯ, ಮತ್ತು ಅವೇ ವೃತ್ತಾಕಾರದಲ್ಲಿ ಧ್ರುವೀಕರಣಗೊಂಡ ಬೆಳಕಿನ ಎರಡು ಬಗೆಗಳು. ಫೋಟಾನಿಗೆ ಸ್ಪಿನ್ ಇರುವುದಕ್ಕೆ ಚದುರಿದ ಬೆಳಕಿನಲ್ಲಿ ಪ್ರಯೋಗದ ಪುರಾವೆ ಇದೆಯೆಂದು 1931ರಲ್ಲಿ ಸಿ. ವಿ. ರಾಮನ್ ಮತ್ತು ಎಸ್. ಭಗವಂತಂ ಕಲ್ಕತ್ತೆಯಿಂದ ಪ್ರಕಟಿಸಿದರು. ಮುಂದೆ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಶಂಖದ ಗೊಂದಲ ಇಲ್ಲಿಯೂ ಬಿಟ್ಟಿಲ್ಲ. ಹಳೆಯ ದ್ಯುತಿಶಾಸ್ತ್ರದ ಪುಸ್ತಕಗಳು ಬೆಳಕಿಗೆ ಎದುರಾಗಿ ನಿಂತವನಿಗೆ ಗಡಿಯಾರದ ದಿಕ್ಕಿನಲ್ಲಿ ತಿರುಗುವಂತೆ ಕಾಣುವ ಬೆಳಕನ್ನು ಬಲವೃತ್ತದ್ದೆಂದು ಕರೆದದ್ದರಿಂದ, ಅಲ್ಲಿನ ಬಲವೃತ್ತದ ಬೆಳಕು ಕಣಭೌತವಿಜ್ಞಾನಿಗೆ ಋಣ ಹೆಲಿಸಿಟಿಯದು.

ಪ್ರಕೃತಿಯ ಮೂಲಬಲಗಳಿಗೆ ಎಡ-ಬಲದ ಪಕ್ಷಪಾತ ಇರಲಾರದೆಂದು ಭೌತವಿಜ್ಞಾನಿಗಳು ಬಹುಕಾಲ ನಂಬಿದ್ದರು. ಪರಮಾಣು ಬೀಜದ ಒಂದು ಬಗೆಯ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲದ ಮಟ್ಟಿಗೆ ಆ ನಂಬಿಕೆಯನ್ನು ಯಾರೂ ಪರೀಕ್ಷಿಸಿಯೇ ಇಲ್ಲವೆಂದು 1956ರಲ್ಲಿ ಲೀ ಮತ್ತು ಯಾಂಗ್ ತೋರಿಸಿಕೊಟ್ಟರು. ಅತಿಶೀತದಲ್ಲಿ ಸಾಲುಗೊಳಿಸಿದ ಕೋಬಾಲ್ಟ್-60ರ ಬೀಜಗಳಿಂದ ಇಲೆಕ್ಟ್ರಾನುಗಳು ಸ್ಪಿನ್ನಿಗೆ ವಿರುದ್ಧ ದಿಕ್ಕಿನಲ್ಲೇ ಹೆಚ್ಚಾಗಿ ಹೊರಡುವುದನ್ನು ಚಿಯೆನ್-ಷಿಯುಂಗ್ ವೂ ಅವರ ತಂಡ ಕೆಲವೇ ತಿಂಗಳಲ್ಲಿ ಕಂಡಿತು. 1957ರಲ್ಲೇ ಕೇರಳ ಮೂಲದ ಇ. ಸಿ. ಜಿ. ಸುದರ್ಶನ್ ಮತ್ತು ರಾಬರ್ಟ್ ಮಾರ್ಷಕ್ ದುರ್ಬಲ ಬಲ ಎಡಮುರಿ ಕಣಗಳ ಜೊತೆಗಷ್ಟೇ ವ್ಯವಹರಿಸುತ್ತದೆ ಎಂಬ ಸಿದ್ಧಾಂತ ಮಂಡಿಸಿದರು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಗೋಲ್ಡ್‌ಹಾಬರ್, ಗ್ರಾಡ್ಜಿನ್ಸ್ ಮತ್ತು ಸುನ್ಯಾರ್ ಯೂರೋಪಿಯಂ-152ರಿಂದ ನ್ಯೂಟ್ರಿನೊ ಹೊರಟಾಗ ಅದರ ಹಿಂದೆಯೇ ವಿರುದ್ಧ ದಿಕ್ಕಿಗೆ ಹೊರಡುವ ಗಾಮಾ ಕಿರಣವನ್ನು ಕಾಂತಗೊಳಿಸಿದ ಕಬ್ಬಿಣದ ಮೂಲಕ ಹಾಯಿಸಿ ಅದರ ಹೆಲಿಸಿಟಿಯನ್ನು ಅಳೆದರು. ಕೈಗೆ ಸಿಕ್ಕದ ನ್ಯೂಟ್ರಿನೊ ತನ್ನ ಹೆಲಿಸಿಟಿಯನ್ನೇ ಆ ಗಾಮಾ ಕಿರಣಕ್ಕೂ ದಾಟಿಸಿರುತ್ತದೆಯಾದ್ದರಿಂದ ಉತ್ತರ ಸಿಕ್ಕಿತು: ನ್ಯೂಟ್ರಿನೊ ಎಡಮುರಿ. ಇಪ್ಪತ್ತನೆಯ ಶತಮಾನದ ಅತ್ಯಂತ ಜಾಣ ಪ್ರಯೋಗಗಳ ಪಟ್ಟಿ ಮಾಡಿದರೆ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ ಸಿಗಬೇಕು.

ಈ ಎಡಮುರಿತನದ ಒಂದು ಫಲ ಹೊಸೂರಿನಿಂದ ಈಶಾನ್ಯಕ್ಕೆ ನೇರ ಅಳತೆಯಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕಾಣಿಸಿಕೊಂಡಿತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಪಯಾನ್ ಎಂಬ ಕಣಗಳು ಹುಟ್ಟಿ, ಕ್ಷಣಮಾತ್ರದಲ್ಲಿ ಒಡೆದು ಹೋಗುತ್ತವೆ. ಪಯಾನಿಗೆ ಸ್ಪಿನ್ ಇಲ್ಲವಾದ್ದರಿಂದ ಅದು ಒಡೆದಾಗ ಎದುರುಬದುರಾಗಿ ಹೊರಡುವ ಎರಡು ಕಣಗಳ ಸ್ಪಿನ್ನುಗಳ ಲೆಕ್ಕ ಸೊನ್ನೆಯಾಗಬೇಕು, ಅಂದರೆ ಎರಡರ ಹೆಲಿಸಿಟಿಯೂ ಒಂದೇ ಆಗಿರಬೇಕು. ಧನ ಪಯಾನಿನಿಂದ ಹೊರಡುವ ನ್ಯೂಟ್ರಿನೊ ಎಡಮುರಿಯೇ ಆಗಿರುವುದರಿಂದ ಜೊತೆಗಾರನೂ ಎಡಮುರಿಯಾಗಿಯೇ ಹೊರಡಬೇಕಾಗುತ್ತದೆ. ಆದರೆ ಜೊತೆಗಾರ ಪ್ರತಿಕಣವಾಗಿದ್ದು, ದುರ್ಬಲ ಬಲ ಅದನ್ನು ಬಲಮುರಿಯಾಗಿಯೇ ಬಯಸುತ್ತದೆ. ಆ ಜೊತೆಗಾರ ಇಲೆಕ್ಟ್ರಾನಿನಂಥದ್ದೇ ಆದರೂ ಅದಕ್ಕಿಂತ ಭಾರವಾದ, ನಿಧಾನವಾಗಿ ಹೊರಡುವ ಮ್ಯುಯಾನ್ ಎಂಬ ಕಣವಾಗಿದ್ದರೆ ಈ ಇಕ್ಕಟ್ಟನ್ನು ಹೇಗೋ ತಾಳಿಕೊಳ್ಳಬಲ್ಲದು. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಹೊರಡುವ, ಇಲೆಕ್ಟ್ರಾನಿನ ಪ್ರತಿಕಣವಾದ ಹಗುರ ಪಾಸಿಟ್ರಾನಿಗೆ ಅದು ಆಗುವುದಿಲ್ಲ. ಹಗುರ ಕಣದ ದಾರಿ ಸಲೀಸಾಗಿರಬೇಕೆಂಬ ಸಾಮಾನ್ಯ ತರ್ಕಕ್ಕೆ ವಿರುದ್ಧವಾಗಿ, ವಿದ್ಯುದಾವೇಶವಿರುವ ಪಯಾನುಗಳು ಇಲೆಕ್ಟ್ರಾನ್ ಕುಲಕ್ಕೆ ಒಡೆಯುವುದು ಹತ್ತು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿ ಮಾತ್ರ, ಉಳಿದವೆಲ್ಲ ಮ್ಯುಯಾನ್ ಮತ್ತು ಮ್ಯುಯಾನ್ ಬಗೆಯ ನ್ಯೂಟ್ರಿನೊಗಳಾಗುತ್ತವೆ.

ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿನ ಮೇಲೂ ನಿಮಿಷಕ್ಕೆ ಸುಮಾರು ಒಂದು ಮ್ಯುಯಾನ್ ಬೀಳುತ್ತಿರುವಾಗ, ಆ ಮಳೆಯಲ್ಲಿ ನ್ಯೂಟ್ರಿನೊದ ಗುರುತನ್ನು ಹೆಕ್ಕುವುದು ಆಗದ ಮಾತು. ಮೇಲಿನಿಂದ ಬರುವ ಮ್ಯುಯಾನುಗಳನ್ನು ಬಂಡೆಯೇ ಸೋಸಿಬಿಡುವಷ್ಟು ಆಳಕ್ಕೆ ಇಳಿಯಬೇಕಿತ್ತು. ನಂಜನಗೂಡಿನಲ್ಲಿ ಹುಟ್ಟಿ, ಮುಂದೆ 1975ರಿಂದ 1987ರವರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಿಂದಲೇ ಕೋಲಾರದ ಗಣಿಗಳಲ್ಲಿ ಬೇರೆ ಬೇರೆ ಆಳಗಳಲ್ಲಿ ಮ್ಯುಯಾನುಗಳನ್ನು ಎಣಿಸುವ ಕೆಲಸ ಹೂಡಿದ್ದರು. ಎಂ. ಜಿ. ಕೆ. ಮೆನನ್ ಮತ್ತು ಶ್ರೀಕಂಠನ್ ಅವರಿದ್ದ ಆ ಸಂಸ್ಥೆಯ ತಂಡ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ತಂಡಗಳೊಡನೆ ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಕಣ ಹಾಯ್ದಾಗ ಮಿನುಗುವ ಮಿಂಚುಫಲಕಗಳ ಎರಡು ಗೋಡೆಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ನಿಯಾನ್ ಕೊಳವೆಗಳನ್ನು ಜೋಡಿಸಿತು. ಉಪಕರಣ ಅಡ್ಡಲಾಗಿ ನಿಂತದ್ದರಲ್ಲೇ ಪ್ರಯೋಗದ ಮರ್ಮವಿತ್ತು, ಏಕೆಂದರೆ ಬದಿಯ ಬಂಡೆಯನ್ನು ಹಾಯ್ದು ಬರುವ ಮ್ಯುಯಾನ್ ವಾತಾವರಣದಿಂದ ನೇರವಾಗಿ ಬಂದಿರುವುದು ಅಸಾಧ್ಯ, ನ್ಯೂಟ್ರಿನೊ ಒಂದು ಬಂಡೆಯೊಳಗೆ ಡಿಕ್ಕಿ ಹೊಡೆದು ಅಲ್ಲಿಯೇ ಅದನ್ನು ಹುಟ್ಟಿಸಿರಬೇಕು. 1965ರಲ್ಲಿ ಅಂಥ ಅಡ್ಡ ಮ್ಯುಯಾನುಗಳು ಸಿಕ್ಕಿದವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಮನುಷ್ಯರು ಮೊದಲಿಗೆ ಪತ್ತೆಹಚ್ಚಿದ್ದು ಹೀಗೆ. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಅದೇ ವರ್ಷ ಅದನ್ನೇ ಸಾಧಿಸಿತು. ಚಿನ್ನದ ಇತಿಹಾಸದಲ್ಲಿ ಕೋಲಾರಕ್ಕೆ ಸಿಕ್ಕ ಪುಟಗಳಿಗೆ ಹೋಲಿಸಿದರೆ ಈ ಸಾಧನೆಗೆ ಕನ್ನಡದ ಪಠ್ಯಪುಸ್ತಕಗಳಲ್ಲಿ ಸಿಕ್ಕ ಜಾಗ ತೀರ ಕಡಿಮೆ.

ಕಣದ ಹೆಲಿಸಿಟಿಗೆ ಬೋಲ್ಟಿನದಕ್ಕಿಲ್ಲದ ಒಂದು ದೌರ್ಬಲ್ಯವೂ ಇದೆ. ಬೋಲ್ಟನ್ನು ಯಾರು ಎಲ್ಲಿಂದ ನೋಡಿದರೂ ಅದು ಬದಲಾಗುವುದಿಲ್ಲ. ಕಣವನ್ನಾದರೋ ಅದಕ್ಕಿಂತ ವೇಗವಾಗಿ ಹಿಂದೆ ಹಾಕಿ ಹೋಗುವವನೊಬ್ಬನಿದ್ದರೆ, ಅವನ ಕಣ್ಣಿಗೆ ಕಣ ಹಿಮ್ಮುಖವಾಗಿ ಸರಿಯುತ್ತಿರುತ್ತದೆ, ಸ್ಪಿನ್ ಮಾತ್ರ ಹಾಗೆಯೇ ಇರುತ್ತದೆ, ಹೀಗಾಗಿ ಎಡಮುರಿ ಬಲಮುರಿಯಾಗಿ ತೋರುತ್ತದೆ. ದ್ರವ್ಯರಾಶಿಯೇ ಇಲ್ಲದ ಫೋಟಾನನ್ನು ಯಾರೂ ಹಿಂದೆ ಹಾಕಲಾರರಾದ್ದರಿಂದ ಅದರ ಹೆಲಿಸಿಟಿ ಅಚಲ. ಈ ಕಾರಣಕ್ಕೆ ಭೌತವಿಜ್ಞಾನಿಗಳು ನೋಡುವವನ ವೇಗಕ್ಕೆ ಜಗ್ಗದ ಕೈರಾಲಿಟಿ ಎಂಬ ಇನ್ನೊಂದು ಗುಣವನ್ನು ಬೇರೆಯಾಗಿಯೇ ಇಟ್ಟಿದ್ದಾರೆ. ದ್ರವ್ಯರಾಶಿಯಿಲ್ಲದ ಕಣಗಳಲ್ಲಿ ಎರಡೂ ಒಂದೇ, ಉಳಿದವುಗಳಲ್ಲಿ ಬೇರೆ, ಮತ್ತು ದುರ್ಬಲ ಬಲ ನಿಜವಾಗಿ ನೋಡುವುದು ಕೈರಾಲಿಟಿಯನ್ನು. ನ್ಯೂಟ್ರಿನೊಗೆ ದ್ರವ್ಯರಾಶಿಯಿಲ್ಲ ಎಂದು ಬಹಳ ಕಾಲ ತಿಳಿದಿದ್ದರು. ಕೋಲಾರದಲ್ಲಿ ಕಂಡಂಥ ವಾತಾವರಣದ ನ್ಯೂಟ್ರಿನೊಗಳನ್ನೇ ಜಪಾನಿನ ಸೂಪರ್ ಕಾಮಿಯೊಕಾಂಡೆ ಉಪಕರಣದಲ್ಲಿ ಎಣಿಸಿದಾಗ, ಅವು ದಾರಿಯಲ್ಲಿ ಬಗೆ ಬದಲಾಯಿಸುವುದು 1998ರಲ್ಲಿ ಖಚಿತವಾಗಿ, ಅವಕ್ಕೆ ಅತ್ಯಲ್ಪವಾದರೂ ದ್ರವ್ಯರಾಶಿ ಇದ್ದೇ ಇದೆ ಎಂದಾಯಿತು. ಹಾಗಾದರೆ ಬಲಮುರಿ ನ್ಯೂಟ್ರಿನೊ ಎಂಬುದೊಂದು ಎಲ್ಲೋ ಇರಬೇಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ; ಇಂದಿನವರೆಗೆ ಯಾವ ಪ್ರಯೋಗದಲ್ಲೂ ಅದು ಸಿಕ್ಕಿಲ್ಲ.

ಕಣಶಾಸ್ತ್ರದ ಈ ಹೆಸರನ್ನು 1969ರಲ್ಲಿ ಕೀತ್ ಮಾಫಟ್ ದ್ರವಗಳ ಶಾಸ್ತ್ರಕ್ಕೆ ತಂದ. ಹರಿಯುವ ನೀರು ಅಥವಾ ಗಾಳಿಯ ಒಂದೊಂದು ಬಿಂದುವಿನಲ್ಲೂ ಹರಿವು ಎತ್ತ ಸಾಗುತ್ತಿದೆ, ಸುಳಿ ಎತ್ತ ತಿರುಗುತ್ತಿದೆ ಎಂಬುದನ್ನು ಗುಣಿಸಿ ಎಲ್ಲವನ್ನೂ ಕೂಡಿದರೆ ಬರುವ ಮೊತ್ತವೇ ಅಲ್ಲಿ ಹೆಲಿಸಿಟಿ. ಘರ್ಷಣೆಯಿಲ್ಲದ ಆದರ್ಶ ದ್ರವದಲ್ಲಿ ಅದು ಬದಲಾಗುವುದಿಲ್ಲವೆಂದೂ, ಸುಳಿಯ ಗೆರೆಗಳು ಒಂದಕ್ಕೊಂದು ಎಷ್ಟು ತೊಡರಿಕೊಂಡಿವೆ ಎಂಬುದರ ಎಣಿಕೆಯೇ ಅದೆಂದೂ ಮಾಫಟ್ ತೋರಿಸಿದ. ಬಂಗಾಳ ಕೊಲ್ಲಿಯ ಚಂಡಮಾರುತ ಇದಕ್ಕೆ ದೊಡ್ಡ ಪ್ರಮಾಣದ ಉದಾಹರಣೆ. ಉತ್ತರಾರ್ಧಗೋಳದಲ್ಲಿ ಗಾಳಿ ಮೇಲಿನಿಂದ ನೋಡಿದಾಗ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತ ಒಳಬಂದು ಮೇಲೇರುವುದರಿಂದ ಅದರ ಒಡಲಿನ ಹರಿವು ಬಲಮುರಿ. ಸಮಭಾಜಕದ ಆಚೆ ಅದು ಎಡಮುರಿ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಹತ್ತಿದ ಫೆಂಗಲ್ ಚಂಡಮಾರುತದ ಉಳಿಕೆ ಒಳನಾಡಿಗೆ ಸರಿದಾಗ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿದು ನಿಂತ ವಾಹನಗಳೇ ಕೊಚ್ಚಿಹೋದವು. ಬೇಸಿಗೆಯ ಬಯಲಿನಲ್ಲಿ ತರಗೆಲೆ ಎತ್ತುವ ಪುಟ್ಟ ಸುಂಟರಗಾಳಿಗೆ ಈ ನಿಯಮವಿಲ್ಲ. ಭೂಮಿಯ ತಿರುಗುವಿಕೆ ಅಷ್ಟು ಚಿಕ್ಕದನ್ನು ಆಳುವುದಿಲ್ಲವಾದ್ದರಿಂದ ಅದು ಎಡಕ್ಕೂ ಏಳಬಹುದು, ಬಲಕ್ಕೂ ಏಳಬಹುದು.

ಸೂರ್ಯನಲ್ಲಿ ಗಾಳಿಯ ಜಾಗದಲ್ಲಿ ಕಾಂತಕ್ಷೇತ್ರದ ಗೆರೆಗಳು ಹಗ್ಗದಂತೆ ನುಲಿದುಕೊಂಡಿರುತ್ತವೆ. ಉತ್ತರ ಗೋಳಾರ್ಧದ ಕಾಂತರಚನೆಗಳಲ್ಲಿ ಹೆಚ್ಚಿನವು ಎಡಮುರಿ, ದಕ್ಷಿಣದವು ಬಲಮುರಿ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಉತ್ತರ-ದಕ್ಷಿಣ ಧ್ರುವಗಳೇ ಅದಲುಬದಲಾದರೂ ಈ ಒಲವು ಬದಲಾಗುವುದಿಲ್ಲ. ಕಾಂತೀಯ ಹೆಲಿಸಿಟಿ ಸುಲಭಕ್ಕೆ ಕರಗುವಂಥದ್ದಲ್ಲವೆಂದು 1958ರಲ್ಲಿ ಖಗೋಳವಿಜ್ಞಾನಿ ವೋಲ್ಟ್‌ಯರ್ ತೋರಿಸಿದ್ದ. ಹಾಗೆ ಕೂಡುತ್ತ ಬಂದ ನುಲಿವನ್ನು ಸೂರ್ಯ ಹೊರಹಾಕಿಕೊಳ್ಳುವ ಮುಖ್ಯ ದಾರಿ ಕಾಂತಮಯ ಅನಿಲದ ದೊಡ್ಡ ಸ್ಫೋಟಗಳೆಂದು ಅನೇಕ ತಜ್ಞರು ಭಾವಿಸುತ್ತಾರೆ. ಅಂಥ ಸ್ಫೋಟಗಳನ್ನೂ ಗಮನಿಸಲೆಂದು 2023ರ ಸೆಪ್ಟೆಂಬರಿನಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಕಟ್ಟಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಆವರಣದಲ್ಲಿ.

ಇಷ್ಟು ಶಾಸ್ತ್ರಗಳಲ್ಲಿ ಹರಡಿಕೊಂಡಿರುವ ಪದಕ್ಕೆ ಕನ್ನಡದಲ್ಲಿ ಹೊಸ ಸಂಸ್ಕೃತ ಸಮಾಸವನ್ನು ಕಟ್ಟುವ ಅಗತ್ಯ ಕಾಣುವುದಿಲ್ಲ. ಲೇತ್ ಅಂಗಡಿಯವನಿಗೂ ಶಂಖ ಮಾರುವವನಿಗೂ ಅರ್ಥವಾಗುವ ಬಲಮುರಿ, ಎಡಮುರಿಗಳೇ ಸಾಕು. ಆದರೆ ಕನ್ನಡದಲ್ಲಿ ವಿಜ್ಞಾನದ ಪಠ್ಯ ಬರೆಯುವವರು ಈ ಪದಗಳನ್ನು ಬಳಸುವಾಗ ಮೊದಲ ಪುಟದಲ್ಲೇ ಬೋಲ್ಟಿನ ನಿಯಮವನ್ನು ಹೇಳಿಬಿಡಬೇಕು, ಶಂಖದ ನಿಯಮ ಅದಕ್ಕೆ ವಿರುದ್ಧವೆಂಬುದನ್ನೂ ಅಲ್ಲಿಯೇ ಸೇರಿಸಬೇಕು.